ತೊಮೊಯೆಯ ಕೊವಾಯ್

ನನ್ನ ನಾದಿನಿ ತೊಮೊಯೆ ನಮ್ಮ ತೊಕಾಚಿಯ ಹಟ್ಟಿಯಲ್ಲಿ ಹಸು ಕರೆದು ಬೆಳೆದವಳು. ಮದುವೆಯಾಗಿ ಹೋದದ್ದು ದಕ್ಷಿಣದ ತುದಿಯ ಕಾಗೊಶಿಮಾಕ್ಕೆ, ಚಹಾ ತೋಟದ ಅರಿಮುರಾ ಮನೆಗೆ. ಉತ್ತರದ ತುದಿಯ ನಮ್ಮ ಹೊಕ್ಕೈದೊದಲ್ಲಿ ಮೈ ಸೋತು ಸುಣ್ಣವಾದರೆ 'ಕೊವಾಯ್' ಅನ್ನುತ್ತೇವೆ. ಉಳಿದ ಜಪಾನಿಗೆಲ್ಲ ಅದರ ಅರ್ಥ ಹೆದರಿಕೆ. ಅವಳು ಕೆಟ್ಟದ್ದು ಅರ್ಧ ರೋಗದಿಂದ, ಅರ್ಧ ಈ ಮಾತಿನಿಂದ. ಹೀಗಂದರೆ ನನ್ನ ಗಂಡ ಸಿಡುಕುತ್ತಾನೆ, ಸಿಡುಕಲಿ.

ಮೊದಲ ವಸಂತದಲ್ಲೇ, ಚಹಾ ಚಿಗುರು ಕೀಳುವಾಗ, ಅವಳ ಕಾಲಿಗೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಅಲ್ಲಿನ ಡಾಕ್ಟರ ಮುಂದೆ ಕೂತು, "ಯಾವಾಗ್ಲೂ ಕೊವಾಯ್, ಡಾಕ್ಟ್ರೆ" ಅಂದಳು.

"ಯಾವಾಗ ಜಾಸ್ತಿ?"

"ಮೆಟ್ಟಿಲು ಹತ್ತೋವಾಗ. ಬಿಸಿನೀರಿನ ತೊಟ್ಟಿಗೆ ಇಳಿದ್ರಂತೂ ಕೇಳ್ಬೇಡಿ."

"ಓಹೋ, ನೀರೂ ಕೊವಾಯ್!"

ಹೌದೆಂದು ತಲೆಯಾಡಿಸಿದಳು. ಮನಸ್ಸಿನ ಭಯಕ್ಕೆ ಮಾತ್ರೆ ಕೊಟ್ಟು ಕಳಿಸಿದರು.

ಅವಳ ಅತ್ತೆ ಬಿಡುತ್ತಾಳೆಯೇ? "ನಿಮ್ಮೂರಿನ ಕರಡಿಗೆ ಹೆದರದವಳು ನಮ್ಮನೆ ಸ್ನಾನಕ್ಕೆ ಹೆದರ್ತೀಯಾ?" ಅಂತ ಚುಚ್ಚಿದಳು. "ಹೆದರಿಕೆ ಅಲ್ಲ, ಸುಸ್ತು" ಅಂತ ಆಮೇಲೆ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು.

ಹಿರಿಯರ ಹಬ್ಬ ಓಬೊನ್‌ಗೆ ಅಪ್ಪನ ಸಮಾಧಿ ತೊಳೆಯಲು ಬಂದವಳು ಹಟ್ಟಿಯ ಬಾಗಿಲಲ್ಲೇ ಕುಸಿದಳು.

"ಅತ್ತಿಗೆ, ಕೊವಾಯ್."

"ಈ ವಯಸ್ಸಿಗೆ ಎಂಥಾ ಸುಸ್ತೇ ನಿಂಗೆ!" ಅಂದೆ. ನನ್ನ ಮುಖವನ್ನೇ ನೋಡಿದಳು. ಅಳಲೂ ಇಲ್ಲ.

ಮರುದಿನವೇ ಒಬಿಹಿರೊ ಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್ ನೋಡಿದ ಡಾಕ್ಟರು, "ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮೇಲಿನ ಹೊದಿಕೆ ಕಿತ್ತುಹೋಗಿದೆ" ಅಂದರು.

ನನಗೆ ಮೈಯೆಲ್ಲ ಉರಿಯಿತು. "ಅಲ್ಲಿನ ಡಾಕ್ಟ್ರಿಗೇನು ಕಣ್ಣು ಕುರುಡಾಗಿತ್ತಾ?"

"ದಕ್ಷಿಣದಲ್ಲಿ ಇದು ಅಪರೂಪ ಕಣಮ್ಮ. ಅವ್ರು ನೋಡೇ ಇರ್ಲಿಕ್ಕಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಇಲ್ಲೂ ಒಬ್ರೋ ಇಬ್ರೋ ಇದ್ರು. ಈಗ ಹೊರಗಿನ ಬೆಂಚು ನೋಡಿ."

ನೋಡಿದೆ. ಜಾಗವಿಲ್ಲದೆ ಒಬ್ಬ ಹುಡುಗಿ ಕೋಲೂರಿ ನಿಂತಿದ್ದಳು.

"ಯಾಕೆ ಹೀಗೆ?"

"ಗೊತ್ತಿದ್ರೆ ಹೇಳ್ತಿದ್ದೆ."

"ನಾನು ಮತ್ತೆ ನಡೀತೀನಾ?" ತೊಮೊಯೆ ಕೇಳಿದ್ದು ಅಂಗಡಿಯಲ್ಲಿ ಮೂಲಂಗಿ ಉಂಟೇ ಎಂದು ಕೇಳಿದಂತಿತ್ತು.

"ಔಷಧಿ ಶುರು ಮಾಡೋಣ" ಅಂದರು. ಅದು ಉತ್ತರವಲ್ಲ ಅಂತ ಮೂವರಿಗೂ ಗೊತ್ತಿತ್ತು.

ಸುದ್ದಿ ತಿಳಿದು ಅವಳ ಗಂಡ ಹಿದೆಹರು ಓಡಿ ಬಂದ. ಎಲ್ಲರೂ ಆಸ್ಪತ್ರೆಯ ಮಂಚದ ಸುತ್ತ ನಿಂತಿದ್ದೆವು. ತೊಮೊಯೆ ತನ್ನ ಕಾಲನ್ನೇ ನೋಡುತ್ತಾ, "ಕೊವಾಯ್" ಅಂದಳು.

ನಮಗೆ ಹೇಳಿಕೊಡಬೇಕೆ? ಅವಳಣ್ಣ ಪರದೆ ಎಳೆದ. ನಾನು ದಿಂಬು ತೆಗೆದುಕೊಂಡು, "ಮಲಕ್ಕೋ, ಸ್ವಲ್ಪ ಸುಧಾರಿಸ್ಕೋ" ಅಂದೆ.

ಹಿದೆಹರು ಅವಳ ಕೈ ಹಿಡಿದ. "ಹೆದರ್ಬೇಡ. ನಾನಿದ್ದೀನಲ್ಲ."

ಇಷ್ಟಾದ ಮೇಲೂ ಇವನಿಗೆ ಬುದ್ಧಿ ಬರಲಿಲ್ಲವಲ್ಲ! 'ಮಾರಾಯಾ, ಅದು ಸುಸ್ತು' ಅಂತ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ತೊಮೊಯೆ ಅವನ ತೋಳಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನಾನು ದಿಂಬು ಹಿಡಿದುಕೊಂಡು ನಿಂತೇ ಇದ್ದೆ.