ಬದುವಿನ ಪಕ್ಕ ಎರಡು ಮೊಳ

ಎಪ್ಪತ್ತರ ದಶಕದ ಮೊದಲಲ್ಲಿ ಹೊಸಕೋಟೆ ಹತ್ತಿರದ ನಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದೂ ಯಾರೋ ಬಳಸಿ ಬಿಟ್ಟ ಹಳೆಯದು. ಆದರೂ ಅದರ ಮೇಲೆ ಕೂತರೆ ನನಗೆ ಕಣ್ಣು ನೆತ್ತಿಗೇರುತ್ತಿತ್ತು.

ಕೆರೆಯ ಕೆಳಗೆ ದನಗಳ ಮೇವಿಗೆಂದೇ ಬಿಟ್ಟ ಹುಲ್ಲಿನ ಹೊಲವಿತ್ತು. ಅದನ್ನು ಕುಡುಗೋಲಿನಲ್ಲಿ ಕೊಯ್ಯುತ್ತಿದ್ದವಳು ಹಿಂದಿನ ಬೀದಿಯ ಒಬ್ಬ ವಿಧವೆ. ಎರಡು ಹೊರೆ ನಮಗೆ ಹಾಕಿದರೆ ಒಂದು ಹೊರೆ ಅವಳದು. ಆ ಒಂದು ಹೊರೆಯಲ್ಲಿ ಅವಳ ಎಮ್ಮೆ ಬದುಕುತ್ತಿತ್ತು, ಎಮ್ಮೆಯ ಹಾಲಿನಲ್ಲಿ ಅವಳು.

ನಾನು ಟ್ರ್ಯಾಕ್ಟರಿನಿಂದಲೇ ಹುಲ್ಲು ಕೊಯ್ಯಲು ಹೊರಟೆ. ಹೊಸಕೋಟೆಯ ಮೆಕ್ಯಾನಿಕ್ ಸಾಹೇಬರ ಶೆಡ್ಡಿನಲ್ಲಿ ಎರಡು ಬಗೆಯ ಕೊಯ್ಯುವ ಯಂತ್ರಗಳಿದ್ದವು. ಒಂದಕ್ಕೆ ತನ್ನದೇ ಚಕ್ರ; ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಇನ್ನೊಂದನ್ನು ಟ್ರ್ಯಾಕ್ಟರಿನ ಪಕ್ಕಕ್ಕೇ ಬೋಲ್ಟು ಹಾಕಿ ಬಿಗಿಯಬೇಕು; ಅದು ಬದುವಿನ ಅಂಚಿನವರೆಗೂ ಕೊಯ್ಯುತ್ತದೆ.

"ಎಳೆಯೋದೇ ತಗೊಳ್ಳಿ," ಎಂದರು ಸಾಹೇಬರು. "ಹಳೇ ಗಾಡಿಗೆ ಭಾರ ಬೀಳಲ್ಲ. ಬದು ಪಕ್ಕ ಎರಡು ಮೊಳ ಬಿಟ್ಬಿಡುತ್ತೆ, ಅಷ್ಟೇ. ಅದನ್ನ ಕೊಯ್ಯೋಕೆ ಯಾರಾದ್ರೂ ಇದ್ದೇ ಇರ್ತಾರಲ್ಲ?"

ಇದ್ದಳು. ಹೊಲದ ಸುತ್ತ ಎರಡು ಮೊಳ ಉಳಿದರೆ ಒಂದು ಎಮ್ಮೆಗೆ ಸಾಕು ಎಂದು ನನಗೆ ಆಗಲೇ ಹೊಳೆದಿತ್ತು. ಗೊತ್ತಿದ್ದೇ ಪಕ್ಕಕ್ಕೆ ಬಿಗಿಯುವುದನ್ನು ಆರಿಸಿದೆ. ಟ್ರ್ಯಾಕ್ಟರ್ ಇರುವವನ ಹೊಲದಲ್ಲಿ ಇನ್ನೂ ಕುಡುಗೋಲು ಆಡುತ್ತಿದ್ದರೆ ಜನ ನಕ್ಕಾರು ಅನ್ನುವ ಜಂಬ ನನ್ನದು.

ಕೊಯ್ಲಿನ ಮೊದಲ ದಿನ ಅವಳು ಎಂದಿನಂತೆ ಬಂದು, ಯಂತ್ರ ನೋಡಿ, ಬದುವಿನ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಇಡೀ ಹೊಲ ಬೋಳಾಯಿತು. ಎದ್ದು ಸುತ್ತ ಒಂದು ಸಲ ನಡೆದು ನೋಡಿದಳು.

"ಮೂಲೇಲೂ ಏನೂ ಬಿಡ್ಲಿಲ್ಲ ಕಣಪ್ಪಾ ನಿನ್ನ ಗಾಡಿ," ಎಂದಳು. ಬೈದದ್ದಲ್ಲ, ಕೆಲಸ ಅಚ್ಚುಕಟ್ಟಾಗಿದೆ ಎಂದು ಒಪ್ಪಿಕೊಂಡ ಹಾಗಿತ್ತು. ಒಂದು ಹೊರೆ ಕಟ್ಟಿಕೊಂಡು ಹೋಗು ಎನ್ನುವ ಮಾತು ನನ್ನ ಬಾಯಿಗೆ ಬಂತು. ಕೆಲಸ ಮಾಡದೆ ಅವಳು ಹುಲ್ಲು ಮುಟ್ಟುವವಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದೆ.

ಕಾರ್ತಿಕ ಕಳೆಯುವಷ್ಟರಲ್ಲಿ ಅವಳ ಎಮ್ಮೆ ಸಂತೆಗೆ ಹೋಯಿತು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಿತ್ತಿಲ ಬಾಗಿಲಲ್ಲಿ ಅವಳ ದನಿ ಕೇಳಿತು. ಮಜ್ಜಿಗೆ ಕೇಳಲು ಚೊಂಬು ಹಿಡಿದು ಬಂದಿದ್ದಳು. ಬೀದಿಗೆಲ್ಲ ಮಜ್ಜಿಗೆ ಕೊಡುತ್ತಿದ್ದವಳು. ಅಡುಗೆಮನೆಯಲ್ಲಿ ಕೂತಿದ್ದ ನಾನು ಎದ್ದು ಹೊರಗೆ ಹೋಗಲಿಲ್ಲ. ಅಮ್ಮ ಹೋಗಿ ಚೊಂಬು ತುಂಬಿಸಿ ಕಳಿಸಿದಳು.

ಒಳಗೆ ಬಂದ ಅಮ್ಮ ನನ್ನ ಮುಖ ನೋಡಲಿಲ್ಲ.

"ನಿನ್ನ ಕೇಳಿದ್ಲು ಕಣೋ," ಎಂದಳು. "ಮನೇಲಿಲ್ಲ ಅಂದೆ."