ಕವಿ ತಿದ್ದಿದ ವಾಕ್ಯ

ಎಸ್ಟೋನಿಯಾದ ಆ ಕವಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರ ಕವಿತೆಗಳನ್ನು ಕನ್ನಡಕ್ಕೆ ತಂದವಳು ನಾನೇ. ಹಾಗಾಗಿ ಸಿಟ್ಟಿನ ಕಾರಣವನ್ನೂ ನಾನೇ ಬರೆಯಬೇಕು.

ನಾನು ದೋಹಾದಲ್ಲಿ ಸಮ್ಮೇಳನಗಳನ್ನು ನಡೆಸಿಕೊಡುವ ಒಂದು ಕಂಪನಿಯಲ್ಲಿದ್ದೇನೆ. ಹೊರದೇಶದ ಅತಿಥಿಗಳು ವಿಮಾನ ಇಳಿದಲ್ಲಿಂದ ಮತ್ತೆ ಹತ್ತುವವರೆಗೆ ಅವರ ಜೊತೆಗಿರುವುದು ನನ್ನ ಕೆಲಸ. ಮನೆ ಅದೇ ಊರಿನ ಬಿನ್ ಮಹಮೂದ್‌ನಲ್ಲಿ. ಮನೆಮಾತು ತುಳು; ಓದಿದ್ದು, ಬರೆಯುವುದು ಕನ್ನಡ. ರಜೆಯ ಶುಕ್ರವಾರಗಳಲ್ಲಿ ಇಂಗ್ಲಿಷಿನಿಂದ ಕವಿತೆಗಳನ್ನು ಅನುವಾದಿಸುವುದು ನನ್ನ ಹಳೆಯ ಚಟ.

ಆ ಕವಿ ನನಗೆ ಸಿಕ್ಕಿದ್ದು ಹಾಗೆ. ದ್ವೀಪವೊಂದರಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಆಗ ಅವರ ದೇಶ ಸೋವಿಯತ್ ಆಳ್ವಿಕೆಯಲ್ಲಿತ್ತು. ಅವರ ಅಜ್ಜಿಯನ್ನು ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ್ದರು. ಮರಳಿ ಬಂದಾಗ ಆಕೆಯ ಶ್ವಾಸಕೋಶ ಹಾಳಾಗಿತ್ತು. ಇವರ ಮೊದಲ ಸಂಕಲನಕ್ಕೆ ಅಚ್ಚಿನ ಅನುಮತಿ ಸಿಗಲಿಲ್ಲ. ಟೈಪ್ ಮಾಡಿದ ಪ್ರತಿಗಳನ್ನೇ ಜನ ಕದ್ದುಮುಚ್ಚಿ ಓದಿದರು. ದೇಶ ಸ್ವತಂತ್ರವಾದಾಗ ಅದೇ ಜನ ಅವರನ್ನು ಸಂಸತ್ತಿಗೆ ಕಳಿಸಿದರು. ಮುಂದೆ ಮಂತ್ರಿಯಾದರು. ಮಂತ್ರಿಯಾದ ಮೇಲೆ ಕವಿತೆ ಬರೆಯಲಿಲ್ಲ, ಭಾಷಣ ಬರೆದರು.

ಅವರ ಕವಿತೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಔಷಧಿ ಅಂಗಡಿಯ ಕವಿತೆ. ಒಬ್ಬ ಹುಡುಗ ಅಜ್ಜಿಗೆ ಕೆಮ್ಮಿನ ಔಷಧಿ ತರಲು ಹೋಗುತ್ತಾನೆ. ಕೌಂಟರಿನ ಹೆಂಗಸನ್ನು ರಷ್ಯನ್ ಭಾಷೆಯಲ್ಲಿ ಕೇಳಬೇಕು. ಹುಡುಗ ತಪ್ಪುತ್ತಾನೆ. ಅವಳು ಎಲ್ಲರೆದುರು ಅವನ ವಾಕ್ಯ ತಿದ್ದಿ, ಸರಿಯಾಗಿ ಹೇಳುವವರೆಗೆ ಔಷಧಿ ಕೊಡುವುದಿಲ್ಲ. ಅದನ್ನು ಕನ್ನಡಕ್ಕೆ ತರುವಾಗ ನನ್ನ ಶಾಲೆ ನೆನಪಾಗಿತ್ತು. ಎರಡನೇ ಕ್ಲಾಸಿನಲ್ಲಿ, ನೀರು ಕುಡಿಯಲು ಹೋಗಬೇಕೆಂದು ಬಾಯಿತಪ್ಪಿ ತುಳುವಿನಲ್ಲಿ ಕೇಳಿದ್ದಕ್ಕೆ ಟೀಚರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಡೀ ಕ್ಲಾಸು ನಕ್ಕಿತ್ತು.

ಒಂದು ದಿನ ಆಫೀಸಿನಲ್ಲಿ ಅತಿಥಿಗಳ ಹೆಸರು ಹಂಚುವಾಗ ಆ ಕವಿಯ ಹೆಸರು ಕೇಳಿ ನನಗೆ ನಂಬಲಾಗಲಿಲ್ಲ. ಯಾವುದೋ ಸಂಸ್ಕೃತಿ ಸಮ್ಮೇಳನಕ್ಕೆ ಬರುತ್ತಿದ್ದರು. ಮ್ಯಾನೇಜರನ್ನು ಕಾಡಿ ಬೇಡಿ ಅವರ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ನಮ್ಮ ಕನ್ನಡ ಗೆಳೆಯರ ಬಳಗಕ್ಕೂ ಹೇಳಿದೆ. ಅವರು ಬರುವ ದಿನವೇ ಸಂಜೆ ಬಿನ್ ಒಮ್ರಾನ್‌ನಲ್ಲಿ ಒಂದು ಹೋಟೆಲಿನ ಮೇಲ್ಮಹಡಿಯ ಸಭಾಂಗಣದಲ್ಲಿ ಕವಿತಾ ವಾಚನವೆಂದು ನಿಶ್ಚಯವಾಯಿತು. ಅವರು ಮೇಲ್‌ನಲ್ಲೇ ಒಪ್ಪಿಕೊಂಡರು. ಎಷ್ಟು ವಿನಯದ ಮೇಲ್!

ಆ ದಿನ ಬೆಳಿಗ್ಗೆ ಅವರನ್ನು ವಿಮಾನ ನಿಲ್ದಾಣದಿಂದ ಅವರು ಉಳಿದುಕೊಳ್ಳುವ ಹೋಟೆಲಿಗೆ ಕರೆತಂದೆ. ರಿಸೆಪ್ಷನ್‌ನಲ್ಲಿದ್ದ ಹುಡುಗಿ ಅವರದೇ ದೇಶದವಳು, ರಷ್ಯಾದ ಗಡಿಗೆ ತಾಗಿದ ಊರಿನವಳು. ಮನೆಯಲ್ಲಿ ರಷ್ಯನ್ ಮಾತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಇಷ್ಟೇ: ಪಾಸ್‌ಪೋರ್ಟ್ ನೋಡಿದ್ದೇ ಅವಳ ಮುಖ ಅರಳಿತು. ಕೌಂಟರ್ ಬಿಟ್ಟು ಈಚೆ ಬಂದು, ಎದೆಯ ಮೇಲೆ ಕೈಯಿಟ್ಟು ಅವರ ಭಾಷೆಯಲ್ಲಿ ಏನೋ ಹೇಳಿದಳು. ಅವರು ಬೆರಳೆತ್ತಿ ಅವಳನ್ನು ತಡೆದರು. ಒಂದು ಪದ ಒತ್ತಿ ಹೇಳಿದರು. ಅವಳು ಮತ್ತೆ ಹೇಳಿದಳು. ಅವರು ತಲೆ ಅಲ್ಲಾಡಿಸಿ ಇನ್ನೊಮ್ಮೆ ಹೇಳಿಸಿದರು. ಅವರ ಜೊತೆ ಬಂದಿದ್ದ ಸಹಾಯಕರಿಬ್ಬರು ನಕ್ಕರು. ಹುಡುಗಿಯ ಕುತ್ತಿಗೆ ಕೆಂಪಾಯಿತು.

ಅವರು ಲಿಫ್ಟ್ ಹತ್ತಿದ ಮೇಲೆ ಕೇಳಿದೆ. "ನಿಮ್ಮನ್ನು ನೋಡಿ ಊರನ್ನೇ ನೋಡಿದ ಹಾಗಾಯಿತು ಅಂದೆ," ಎಂದಳು. "ಒಂದು ಪ್ರತ್ಯಯ ತಪ್ಪಿತಂತೆ."

ಸಮ್ಮೇಳನಕ್ಕೆ ಹೋಗುವಾಗ ಕಾರಿನಲ್ಲಿ ಕವಿ ಮತ್ತು ನಾನು ಇಬ್ಬರೇ ಹಿಂದಿನ ಸೀಟಿನಲ್ಲಿದ್ದೆವು. ನನಗೆ ತಡೆಯಲಾಗಲಿಲ್ಲ.

"ಆ ಹುಡುಗಿ ನಿಮ್ಮನ್ನು ಸ್ವಾಗತಿಸಿದ್ದು. ಪರೀಕ್ಷೆ ಬರೆದದ್ದಲ್ಲ."

ಅವರು ನಕ್ಕರು. "ಆ ರಷ್ಯನ್ನರು ನಮ್ಮಲ್ಲಿ ಮೂರು ತಲೆಮಾರಿನಿಂದ ಇದ್ದಾರೆ. ಇನ್ನೂ ನಮ್ಮ ಭಾಷೆ ಸರಿಯಾಗಿ ಬಾರದು. ನಮ್ಮ ಕಾಲದಲ್ಲಿ ಅವರ ಭಾಷೆ ಬಾರದೆ ನಾವು ಬದುಕುವ ಹಾಗಿತ್ತೆ?"

"ಅವಳು ಕಲಿತಿದ್ದಾಳಲ್ಲ. ಕಲಿತದ್ದಕ್ಕೇ ಮಾತಾಡಿದಳು."

"ಅರ್ಧ ಕಲಿಯುವುದು ಕಲಿಯುವುದಲ್ಲ."

"ಔಷಧಿ ಅಂಗಡಿಯ ಕವಿತೆ ಬರೆದವರು ನೀವೇ ಅಲ್ಲವೇ?"

"ಅದನ್ನು ಬರೆದವನಿಗೆ ದೇಶವಿರಲಿಲ್ಲ. ನನಗಿದೆ, ಅದನ್ನು ಕಾಯಬೇಕು. ನಮ್ಮದು ಸಣ್ಣ ಭಾಷೆ. ಸಡಿಲ ಬಿಟ್ಟರೆ ಹೋಯಿತು. ನಿಮ್ಮಂಥ ದೊಡ್ಡ ದೇಶದವರಿಗೆ ಅದು ತಿಳಿಯುವುದಿಲ್ಲ."

ನನಗೆ ಮೈ ಉರಿಯಿತು. ನನ್ನ ಅಮ್ಮನ ಭಾಷೆಗೆ ದೇಶವಿಲ್ಲ, ಮಂತ್ರಿಯಿಲ್ಲ. ಅದರಲ್ಲಿ ಕೇಳಿದ್ದಕ್ಕೆ ನನ್ನ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಭಾಷೆ ಕೈಜಾರುವುದು ಹೇಗೆಂದು ಈ ಮನುಷ್ಯ ನನಗೆ ಹೇಳುತ್ತಿದ್ದಾರೆ! ಅವರ ಭಯ ಸುಳ್ಳಲ್ಲ, ಅದು ನನಗೆ ಗೊತ್ತು. ಆದರೆ ಆ ಭಯದ ದಂಡವನ್ನು ಕೌಂಟರಿನ ಹುಡುಗಿ ಯಾಕೆ ತೆರಬೇಕು? ರೈಲಿಗೆ ಜನರನ್ನು ತುಂಬಿದವಳು ಅವಳಲ್ಲ.

ಮಧ್ಯಾಹ್ನ ಹೋಟೆಲಿಗೆ ಫೋನ್ ಮಾಡಿ ಅವಳನ್ನು ಸಂಜೆಗೆ ಕರೆದೆ. ಡ್ಯೂಟಿ ಮುಗಿಸಿ ವಾಚನಕ್ಕೆ ಬರುತ್ತೇನೆಂದಳು, ಅವಳಿಗೂ ಅವರೊಡನೆ ಮಾತಾಡುವುದಿತ್ತಂತೆ.

ಸಂಜೆ ಸಭಾಂಗಣ ತುಂಬಿತ್ತು. ಬಳಗದ ಕಾರ್ಯದರ್ಶಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಜೋಡಿಸಿದ್ದರು. ಕವಿ ಹಾರ ಹಾಕಿಕೊಂಡು ಪೂರಾ ಮಂತ್ರಿಯ ಹಾಗೆ ಕೈಬೀಸಿದರು. ನನ್ನ ಸರದಿ ಬಂತು. ಔಷಧಿ ಅಂಗಡಿಯ ಕವಿತೆಯನ್ನು ಕನ್ನಡದಲ್ಲಿ ಓದಿದೆ. ಚಪ್ಪಾಳೆ ನಿಂತ ಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: "ಇವತ್ತು ಬೆಳಿಗ್ಗೆ ಈ ಕವಿತೆ ನನ್ನ ಕಣ್ಣೆದುರೇ ಮತ್ತೊಮ್ಮೆ ನಡೆಯಿತು. ಆದರೆ ಕೌಂಟರಿನ ಹೆಂಗಸಿನ ಜಾಗದಲ್ಲಿ ಕವಿಯೇ ಇದ್ದರು."

ಹುಡುಗಿ ಎದ್ದು ನಿಂತಳು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದಳು. "ನಾನೂ ನಿಮ್ಮ ದೇಶದವಳೇ ಸರ್. ಬೆಳಗಿನದಕ್ಕೆ ನೀವು ಒಮ್ಮೆ ಕ್ಷಮೆ ಕೇಳಿದರೆ ಸಾಕು."

ಕವಿ ಮೈಕ್ ತೆಗೆದುಕೊಂಡರು. "ವ್ಯಾಕರಣಕ್ಕೆ ಕ್ಷಮೆ ಕೇಳುವ ಪದ್ಧತಿ ಇಲ್ಲ," ಎಂದರು. ಅವರ ಸಹಾಯಕರು ಬೆಳಗಿನ ಹಾಗೆಯೇ ನಕ್ಕರು. ನಮ್ಮವರೂ ಕೆಲವರು ನಕ್ಕರು. ಹುಡುಗಿ ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದಳು.

ನನಗೆ ಹೆಚ್ಚು ನೋವಾದದ್ದು ನಮ್ಮವರ ನಗುವಿನಿಂದ. ಕಾರ್ಯದರ್ಶಿ ನನ್ನನ್ನು ಮೆಟ್ಟಿಲ ಬಳಿ ಹಿಡಿದರು.

"ಎಂತ ಅಕ್ಕ ನೀವು ಮಾಡಿದ್ದು? ಗೆಸ್ಟನ್ನು ಕರೆದು ಹೀಗಾ ಮರ್ಯಾದೆ ತೆಗೆಯುದು?"

"ಅವಳ ಮರ್ಯಾದೆ ಹೋದದ್ದು ನಿಮಗೆ ಕಾಣ್ಲಿಲ್ವಾ?"

"ಅವ್ಳು ಯಾರು ಮಾರಾಯ್ರೆ, ನಮ್ಗೆ ಸಂಬಂಧ ಉಂಟಾ? ಖಲಾಸ್, ಬಿಡಿ ಇನ್ನು."

ಕವಿಯ ಕಡೆಯವರು ಬಿಡಲಿಲ್ಲ. ಸಹಾಯಕರು ನಮ್ಮ ಕಂಪನಿಗೆ ದೂರು ಕೊಟ್ಟರು. ಆಫೀಸಿನಲ್ಲಿ ನನ್ನನ್ನು ಅತಿಥಿಗಳ ಕೆಲಸದಿಂದ ತೆಗೆದು ಬ್ಯಾಡ್ಜ್ ಮುದ್ರಿಸುವ ಕಡೆ ಹಾಕಿದರು. ಹುಡುಗಿ ಇನ್ನೂ ಅದೇ ರಿಸೆಪ್ಷನ್‌ನಲ್ಲಿದ್ದಾಳೆ. ಆಮೇಲೆ ಒಮ್ಮೆ ಇಬ್ಬರೂ ಕರಕ್ ಚಹಾ ಕುಡಿದೆವು. ತಾನು ಇನ್ನು ಯಾವ ಎಸ್ಟೋನಿಯಾದವರು ಬಂದರೂ ಇಂಗ್ಲಿಷಿನಲ್ಲೇ ಮಾತಾಡುವುದೆಂದಳು. ಹಾಗೆ ಅವರ ಸಣ್ಣ ಭಾಷೆ ತನ್ನನ್ನು ಮಾತಾಡುವ ಒಂದು ಬಾಯಿಯನ್ನು ಕಳೆದುಕೊಂಡಿತು. ಕಳೆದವರು ಅದರ ಕಾವಲುಗಾರರೇ.

ಊರಿನ ಪ್ರಕಾಶಕರೊಬ್ಬರು ಈ ಅನುವಾದಗಳ ಪುಸ್ತಕದ ಮುನ್ನುಡಿಗೆ ಕವಿಯ ಜೀವನ, ಸಾಧನೆ ಬರೆದುಕೊಡಿ ಎಂದಿದ್ದರು. ದ್ವೀಪ, ಅಜ್ಜಿ, ಟೈಪ್ ಮಾಡಿದ ಪ್ರತಿಗಳು, ಸಂಸತ್ತು, ಮಂತ್ರಿ ಪದವಿ ಎಲ್ಲ ಬರೆದೆ. ಹೋಟೆಲಿನ ರಿಸೆಪ್ಷನ್‌ನಲ್ಲಿ ನಡೆದದ್ದನ್ನೂ ಬರೆದೆ. "ಅದೊಂದು ಪ್ಯಾರಾ ತೆಗೆಯಿರಿ, ಪುಸ್ತಕಕ್ಕೆ ಶೋಭೆಯಲ್ಲ," ಎಂದರು. ಆಗುವುದಿಲ್ಲ ಎಂದೆ. ಕವಿತೆಗಳು ಕೆಟ್ಟದಾಗಿದ್ದರೆ ಎಲ್ಲವನ್ನೂ ಬಿಸಾಡಿ ಸುಮ್ಮನಿರುತ್ತಿದ್ದೆ. ಒಂದೊಂದೂ ಅಷ್ಟು ಚೆನ್ನಾಗಿದೆ, ಅದಕ್ಕೇ ಈ ಸಿಟ್ಟು ಇಳಿಯುವುದಿಲ್ಲ. ಈಗ ಬೇರೆ ಪ್ರಕಾಶಕರಿಗೆ ಕಳಿಸಿದ್ದೇನೆ, ಆ ಪ್ಯಾರಾದ ಸಮೇತ.