ಸೋದರಮಾವನ ತೊಡೆ

ಕಳೆದ ವಾರ ನಾದಿನಿಯ ಮೊಮ್ಮಗಳಿಗೆ ಕಿವಿ ಚುಚ್ಚಿಸಲು ಶಿವಮೊಗ್ಗದ ಒಂದು ಚಿನ್ನದಂಗಡಿಗೆ ಹೋಗಿದ್ದೆವು. ಅಕ್ಕಸಾಲಿಗರು ತಂತಿಯ ತುದಿಗೆ ಕೊಬ್ಬರಿ ಎಣ್ಣೆ, ಅರಿಸಿನ ಸವರುತ್ತಾ, “ಸೋದರಮಾವ ಬರ್ಲಿ, ತೊಡೆ ಮೇಲೆ ಕೂರಿಸ್ಕೊಳ್ಳಿ” ಎಂದರು. ಆ ಎಣ್ಣೆ ಅರಿಸಿನದ ವಾಸನೆಗೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದುರುಮನೆ ಹುಡುಗ ನೆನಪಾಗಿದ್ದ...

ಆಗ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಪೇಪರ್ ಮಿಲ್ಲು ಇನ್ನೂ ನಡೆಯುತ್ತಿತ್ತು. ಅವನು ಸೆಕೆಂಡ್ ಪಿಯುಸಿ. ಅದೇ ತರಗತಿಯ ಹುಡುಗಿ ಅವನಿಂದ ಬಸುರಾದಳು. ಎರಡೂ ಮನೆಯ ಹಿರಿಯರು ಬಾಗಿಲು ಹಾಕಿಕೊಂಡು ಮಾತಾಡಿ, ಅವಳನ್ನು ದೂರದ ನೆಂಟರ ಮನೆಗೆ ಕಳಿಸಿದರು. ಹೆರಿಗೆಯಾದ ಮೇಲೆ ಹೆಣ್ಣು ಕೂಸನ್ನು ತಂದು ಹುಡುಗನ ಮನೆಯಲ್ಲಿ ಬಿಟ್ಟುಹೋದರು. ಆ ಹುಡುಗಿಗೆ ಏನು ಬೇಕಿತ್ತೆಂದು ಯಾರಾದರೂ ಕೇಳಿದರೋ ಇಲ್ಲವೋ. ಕೇಳಿರಲಾರರು.

ಕೂಸನ್ನು ನೋಡಿಕೊಂಡವನು ಅವನೇ. ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಮಗು ಮಲಗಿಸಿ ನೀರೆರೆಯುವುದನ್ನು ನಾನೇ ಕಲಿಸಿಕೊಟ್ಟೆ. ಮೊದಲ ದಿನ ಕೂಸಿಗಿಂತ ಅವನ ಪ್ಯಾಂಟೇ ಹೆಚ್ಚು ನೆನೆದಿತ್ತು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಕೂಸಿನ ಬಟ್ಟೆಗಳನ್ನೆಲ್ಲ ಒಗೆದು ತಂತಿಗೆ ಹರವುತ್ತಿದ್ದ. ಕೊನೆಮನೆಯಾಕೆ ಬೇಕೆಂದೇ ನಿಂತು, “ಏನೋ ಮಾರಾಯ, ಬಾಣಂತನ ಜೋರಾ?” ಎಂದು ಕುಟುಕುತ್ತಿದ್ದಳು.

“ಜೋರೇ ಆಂಟಿ. ಅಂಟಿನುಂಡೆ ಮಾಡಿದ್ರೆ ನಂಗೂ ನಾಲ್ಕು ಕಳ್ಸಿ” ಎನ್ನುತ್ತಿದ್ದ ಅವನು, ಬಟ್ಟೆ ಕೊಡವುತ್ತಲೇ.

ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ, ಮಗಳನ್ನು ನಾನೇ ಸಾಕುತ್ತೇನೆ ಎಂದು ಅವನು ಅಪ್ಪನಿಗೆ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿದ್ದ ಅವನ ಅಕ್ಕನಿಗೆ ಮಕ್ಕಳಿರಲಿಲ್ಲ. ಹನ್ನೊಂದು ತಿಂಗಳು ತುಂಬುತ್ತಿದ್ದಂತೆ ಕೂಸನ್ನು ಅಲ್ಲಿಗೆ ಒಯ್ದರು. ಅಲ್ಲಿನ ನೆಂಟರಿಷ್ಟರಿಗೆಲ್ಲ ಅದು ಅಕ್ಕನದೇ ಮಗು ಎಂದು ಹೇಳಿಯಾಗಿತ್ತು. ಆಮೇಲೆ ಕಿವಿ ಚುಚ್ಚುವ ಶಾಸ್ತ್ರವಿಟ್ಟರು. ಶಾಸ್ತ್ರಕ್ಕೆ ಸೋದರಮಾವ ಬೇಕಲ್ಲ... ಅಕ್ಕನಿಗೆ ಇದ್ದ ತಮ್ಮ ಇವನೊಬ್ಬನೇ.

ತುಂಬಿದ ಮನೆ; ಕರೆದಿದ್ದರೆಂದು ನಾನೂ ಹೋಗಿದ್ದೆ. ಮಣೆ ಹಾಕಿ ಕರೆದರು. ಅವನು ಗೋಡೆಗೊರಗಿ ನಿಂತಲ್ಲಿಂದ ಕದಲಲಿಲ್ಲ. “ನಾನು ಮಾವ ಅಲ್ಲ” ಎಂದ, ಮೆಲ್ಲಗೆ. ಹತ್ತಿರ ನಿಂತಿದ್ದ ಅವನಪ್ಪನಿಗೆ, ನನಗೆ ಮಾತ್ರ ಕೇಳಿಸಿತು. ಅಪ್ಪ ಹಲ್ಲು ಕಚ್ಚಿ, “ಕೂರೋ ಸುಮ್ನೆ” ಎಂದರು. ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು.

“ಕೂತ್ಕೋ ಮಾರಾಯ. ಎಲ್ಲಾ ನೋಡ್ತಿದಾರೆ.”

“ಆಂಟಿ, ನೀವೂನಾ?” ಎಂದ.

ಅಷ್ಟರಲ್ಲಿ ಅಕ್ಕನ ಕೈಯಲ್ಲಿದ್ದ ಕೂಸು ಅವನನ್ನು ಕಂಡು, ಎರಡೂ ಕೈ ಚಾಚಿ ಅಳತೊಡಗಿತು. ಅವನು ಹೋಗಿ ಎತ್ತಿಕೊಂಡ, ಮಣೆಯ ಮೇಲೆ ಕೂತ. ತಂತಿ ಚುಚ್ಚಿದಾಗ ಅದು ಅವನ ಅಂಗಿಯೊಳಗೆ ಮುಖ ಹುದುಗಿಸಿ ಚೀರಿತು. “ಮಾವನಿಗೆ ಎಷ್ಟು ಹೊಂದ್ಕೊಂಡಿದೆ ನೋಡ್ರೀ” ಎಂದು ಹೆಂಗಸರು ಮೆಚ್ಚಿಕೊಂಡರು.

ಈಗಲೂ ಮೈ ಉರಿಯುತ್ತದೆ. ಹದಿನೇಳರ ಹುಡುಗ ತಪ್ಪು ಮಾಡಿದ, ಸರಿ. ಆದರೆ ಅದಕ್ಕೆ ಹೆಗಲು ಕೊಡಲು ಬಂದವನೂ ಅವನೊಬ್ಬನೇ. ಅವನು ಓಡಿಹೋಗಿದ್ದರೆ ಬೇಜವಾಬ್ದಾರಿ ಎಂದು ಬೈಯುತ್ತಿದ್ದೆವು. ಓಡದೆ ನಿಂತದ್ದಕ್ಕೆ ಮಗಳನ್ನೇ ಕಿತ್ತುಕೊಂಡೆವು. ದೊಡ್ಡವರಂತೆ ನಾವು. ಮರ್ಯಾದೆಯಂತೆ.

ಆಮೇಲೆ ಅವನು ಶಿವಮೊಗ್ಗದಲ್ಲೇ ಒಂದು ಗ್ಯಾರೇಜು ಸೇರಿದ. ಮದುವೆಯಾಗಲಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಮಾವನಾಗಿಯೇ ಫ್ರಾಕು ಹಿಡಿದು ಆ ಮನೆಯ ಬಾಗಿಲಿಗೆ ಹೋಗುತ್ತಿದ್ದನಂತೆ. ಎರಡು ವರ್ಷದ ಹಿಂದೆ ಕಾಮಾಲೆ ಬಂದು ತೀರಿಕೊಂಡ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯದೆ ಮೊನ್ನೆ ವಿನೋಬನಗರಕ್ಕೆ ಹೋದೆ. ಬಾಗಿಲು ತೆಗೆದದ್ದು ಆ ಕೂಸೇ; ಈಗ ಡಿಗ್ರಿ ಓದುತ್ತಿದ್ದಾಳೆ. ಅಮ್ಮ ಅಡುಗೆಮನೆಯಲ್ಲಿದ್ದಳು. ನನ್ನ ಕಣ್ಣು ಗೋಡೆಯ ಫೋಟೋದ ಮೇಲೆ ನೆಟ್ಟದ್ದನ್ನು ನೋಡಿ ಹುಡುಗಿಯೇ ಹೇಳಿದಳು:

“ನಮ್ಮ ಮಾವ, ಆಂಟಿ. ನನ್ನ ಕಂಡ್ರೆ ಪ್ರಾಣ. ಪಾಪ, ಅವ್ರಿಗೆ ಮಕ್ಕಳಿರ್ಲಿಲ್ಲ.”

ಒಳಗೆ ಲೋಟದ ಸದ್ದು ನಿಂತಿತು. ನಾನು ಹುಡುಗಿಯ ಮುಖ ನೋಡಿದೆ.

“ಹೌದಮ್ಮಾ” ಎಂದೆ.